ಹೆಸರಿಲ್ಲದವನಿಗಾಗಿ ಒಂದು ಪೂಜೆ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸಮಾಧಿ ಭೂಮಿಯಲ್ಲಿ ಜನ ಓಡಾಡತೊಡಗುತ್ತಾರೆ. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ಯುವಕರು ಕೆತ್ತುತ್ತಾರೆ. ಶಿಲುಬೆಗಳಿಗೆ ಸುಣ್ಣ ಬಳಿಯುತ್ತಾರೆ. ಮೃತರ ದಿನದ ಹಿಂದಿನ ಸಂಜೆ ಗುರುಗಳ ಮನೆಯ ಜಗಲಿಯಲ್ಲಿ ಸಾಲು ನಿಲ್ಲುತ್ತದೆ. ಸತ್ತವರ ಹೆಸರಿನಲ್ಲಿ ಪೂಜೆ ಬರೆಸಬೇಕಲ್ಲ!

ಕೆಲವು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ ಅಂಥದೊಂದು ಸಂಜೆ ಒಬ್ಬ ಹಿರಿಯರು ಬಂದರು. ಸೈನ್ಯದಿಂದ ನಿವೃತ್ತರಾದವರು, ಮಾತು ಕಡಿಮೆ. ತಂದೆ, ತಾಯಿ, ಹೆಂಡತಿ, ಚಿಕ್ಕಂದಿನಲ್ಲೇ ತೀರಿಕೊಂಡ ತಮ್ಮ, ಹೀಗೆ ನಾಲ್ಕು ಹೆಸರು ಬರೆಸಿದರು. ನಾವು ಪುಸ್ತಕ ಮುಚ್ಚುವಷ್ಟರಲ್ಲಿ, “ಇನ್ನೊಂದು ಬರೀರಿ ಫಾದರ್” ಎಂದರು.

“ಹೆಸರು?”

“ಗೊತ್ತಿಲ್ಲ. ಆ ಕಡೆಯವನು. ಎಪ್ಪತ್ತೊಂದರ ಯುದ್ಧದಲ್ಲಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಒಂದು ಬೂಟಿನ ದಾರ ಕಟ್ಟಿರಲಿಲ್ಲ ಫಾದರ್. ಅವಸರದಲ್ಲಿ ಎದ್ದು ಬಂದಿದ್ದ ಅಂತ ಕಾಣುತ್ತೆ.”

ನಾವು ಆ ಸಾಲಿನಲ್ಲಿ ಒಂದು ಶಿಲುಬೆ ಗುರುತು ಹಾಕಿದೆವು. ಅವರು ಕಾಣಿಕೆ ಕೊಟ್ಟು ಹೋದರು. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಜಗಲಿಯಲ್ಲಿ ನಿಂತು ಆಡಿದ ಮಾತು. ತಮ್ಮ ಹೆಸರೆತ್ತದೆ ಬೇಕಾದವರಿಗೆ ಹೇಳಬಹುದೆಂದು ಆಮೇಲೆ ಅವರೇ ಒಪ್ಪಿಗೆ ಕೊಟ್ಟಿದ್ದರು. ಈಗ ಅವರೂ ಇಲ್ಲ. ಅವರ ಹೆಸರೂ ಅದೇ ಪಟ್ಟಿಗೆ ಸೇರಿದೆ.

ಆ ರಾತ್ರಿ ನಮಗೆ ಗುರುಮಠದಲ್ಲಿ ಓದಿದ ಒಂದು ಇಂಗ್ಲಿಷ್ ಕವಿತೆ ನೆನಪಾಯಿತು. ಪರೀಕ್ಷೆಗೆಂದು ಓದಿ ಮರೆತಿದ್ದ ಕವಿತೆ ಅದು. ಜಗಲಿಯಲ್ಲಿ ಆಡಿದ ಆ ಎರಡು ಮಾತು ಅದನ್ನು ಮತ್ತೆ ತೆರೆಸಿತು. ವಿಲ್ಫ್ರೆಡ್ ಓವೆನ್ ಎಂಬ ಸೈನಿಕ ಕವಿ 1918ರಲ್ಲಿ ಬರೆದ ‘ಸ್ಟ್ರೇಂಜ್ ಮೀಟಿಂಗ್’, ಎಂದರೆ ‘ವಿಚಿತ್ರ ಭೇಟಿ’, ಎಂಬ ಆ ಕವಿತೆಯನ್ನು ಈ ತಿಂಗಳು ನಿಮ್ಮೊಂದಿಗೆ ಓದಬೇಕೆನಿಸಿದೆ.

ಕವಿಯೂ ಸೈನಿಕನೂ

ಓವೆನ್ ಹುಟ್ಟಿದ್ದು 1893ರ ಮಾರ್ಚ್ 18ರಂದು, ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬಲ್ಲಿ. ತಾಯಿ ದೈವಭಕ್ತೆ, ಪ್ರತಿದಿನ ಬೈಬಲ್ ಓದುತ್ತಿದ್ದ ಆಂಗ್ಲಿಕನ್ ಮನೆತನ. ಯುವಕನಾಗಿದ್ದಾಗ ಆತ 1911ರಿಂದ 1913ರವರೆಗೆ ಡನ್ಸ್‌ಡನ್ ಎಂಬ ಹಳ್ಳಿಯಲ್ಲಿ ಅಲ್ಲಿನ ಪಾದ್ರಿಯ ಸಹಾಯಕನಾಗಿದ್ದ. ಬಡವರ ಮನೆಗಳಿಗೆ ಹೋಗುವುದು, ರೋಗಿಗಳನ್ನು ನೋಡುವುದು ಅವನ ಕೆಲಸ. ಮನಸ್ಸು ಅಲ್ಲಿ ನಿಲ್ಲಲಿಲ್ಲ, ಬಿಟ್ಟು ಹೋದ. 1915ರಲ್ಲಿ ಸೈನ್ಯ ಸೇರಿದ.

1917ರ ಆರಂಭದಲ್ಲಿ ಫ್ರಾನ್ಸಿನ ಕಂದಕಗಳಿಗೆ ಹೋದವನು ಆ ವರ್ಷದ ವಸಂತದಲ್ಲಿ ಶೆಲ್ ಸ್ಫೋಟಕ್ಕೆ ಸಿಕ್ಕಿ, ಸತ್ತ ಜೊತೆಗಾರನ ದೇಹದ ಹತ್ತಿರವೇ ದಿನಗಟ್ಟಲೆ ಬಿದ್ದಿದ್ದ. ಮೈಗೆ ದೊಡ್ಡ ಗಾಯವಿರಲಿಲ್ಲ, ಆದರೆ ಮನಸ್ಸು ನಡುಗಿಹೋಗಿತ್ತು. ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಅವನನ್ನು ಸೇರಿಸಿದರು. ಅಲ್ಲಿ ಸೀಗ್‌ಫ್ರೀಡ್ ಸಸೂನ್ ಎಂಬ ಹಿರಿಯ ಸೈನಿಕ ಕವಿಯ ಗೆಳೆತನವಾಯಿತು. ಅವನ ಮುಖ್ಯ ಕವಿತೆಗಳೆಲ್ಲ ಅಲ್ಲಿಂದ ಮುಂದಿನ ಸುಮಾರು ಒಂದು ವರ್ಷದಲ್ಲಿ ಬಂದವು.

ಗುಣಮುಖನಾಗಿ 1918ರಲ್ಲಿ ಮತ್ತೆ ಫ್ರಾನ್ಸಿಗೆ ಹೋದ. ಅಕ್ಟೋಬರಿನ ಮೊದಲ ದಿನಗಳ ಹೋರಾಟಕ್ಕಾಗಿ ಅವನಿಗೆ ಮಿಲಿಟರಿ ಕ್ರಾಸ್ ಪದಕ ಬಂತು. ಶತ್ರುವಿನಿಂದ ಕಸಿದುಕೊಂಡ ಮೆಷಿನ್ ಗನ್ನನ್ನು ತಾನೇ ಹಿಡಿದು ಶತ್ರುಪಡೆಗೆ ಭಾರೀ ನಷ್ಟ ಉಂಟುಮಾಡಿದನೆಂದು ಪದಕದ ಪತ್ರ ಹೇಳುತ್ತದೆ. ನಾವು ಓದಲಿರುವ ಕವಿತೆಯನ್ನು ಬರೆದ ಕೈಯೇ ಆಮೇಲೆ ಆ ಗನ್ನನ್ನೂ ಹಿಡಿಯಿತು ಎಂಬುದನ್ನು ಮರೆಯಬಾರದು. ದೂರದಲ್ಲಿ ಕುಳಿತು ಸೈನಿಕರಿಗೆ ಬುದ್ಧಿ ಹೇಳಿದವನಲ್ಲ ಓವೆನ್. ತಾನೂ ಆ ಪಾಪದ ಒಳಗಿದ್ದೇ ಬರೆದವನು.

ನವೆಂಬರ್ 4ರಂದು ಓರ್ ಎಂಬ ಊರಿನ ಬಳಿ ಕಾಲುವೆ ದಾಟಿಸುವಾಗ ಗುಂಡೇಟಿನಿಂದ ಸತ್ತ. ವಯಸ್ಸು 25. ಸರಿಯಾಗಿ ಒಂದು ವಾರಕ್ಕೆ, ನವೆಂಬರ್ 11ರಂದು, ಯುದ್ಧ ಮುಗಿಯಿತು. ಶ್ರೂಸ್‌ಬರಿಯ ಚರ್ಚುಗಳಲ್ಲಿ ಸಂತೋಷದ ಗಂಟೆ ಹೊಡೆಯುತ್ತಿದ್ದಾಗಲೇ ತಾಯಿಯ ಕೈಗೆ ತಂತಿ ಬಂತಂತೆ. 1920ರಲ್ಲಿ ಆ ತಾಯಿ ನಮ್ಮ ರವೀಂದ್ರನಾಥ ಟಾಗೋರರಿಗೆ ಒಂದು ಪತ್ರ ಬರೆದಳು. ಮಗ ಕೊನೆಯ ಸಲ ಬೀಳ್ಕೊಂಡಾಗ ಹೇಳಿದ್ದು ಟಾಗೋರರ ಗೀತಾಂಜಲಿಯ ಮಾತುಗಳನ್ನೇ. ಅವನ ಕಿಸೆಯ ಪುಸ್ತಕದಲ್ಲೂ ಅವೇ ಸಿಕ್ಕಿದವು. ಈ ಕವಿ ನಮಗೆ ತೀರ ಪರಕೀಯನಲ್ಲ.

ಸುರಂಗದ ಕತ್ತಲೆಯಲ್ಲಿ

ಈಗ ಕವಿತೆಯ ಕಥೆ. ಒಬ್ಬ ಸೈನಿಕ ಯುದ್ಧದಿಂದ ಹೇಗೋ ತಪ್ಪಿಸಿಕೊಂಡು ಒಂದು ಆಳವಾದ ಸುರಂಗಕ್ಕೆ ಇಳಿಯುತ್ತಾನೆ. ಯಾವುದೋ ಪುರಾತನ ಕಾಲದ ಮಹಾಯುದ್ಧಗಳು ಕೊರೆದಿಟ್ಟ ಬಂಡೆಯ ಸುರಂಗ ಅದು. ಅಲ್ಲಿ ಜನ ನರಳುತ್ತ ಮಲಗಿದ್ದಾರೆ, ನಿದ್ದೆಯೋ ಸಾವೋ ಗೊತ್ತಾಗುವುದಿಲ್ಲ. ಇವನು ಒಬ್ಬೊಬ್ಬರನ್ನೇ ಮುಟ್ಟಿ ನೋಡುವಾಗ ಒಬ್ಬ ಥಟ್ಟನೆ ಎದ್ದು ನಿಲ್ಲುತ್ತಾನೆ. ಇವನ ಗುರುತು ಹತ್ತಿದಂತೆ, ಕನಿಕರದಿಂದ ದಿಟ್ಟಿಸುತ್ತಾನೆ. ನೊಂದ ಕೈಗಳನ್ನು ಆಶೀರ್ವಾದ ಮಾಡುವವನಂತೆ ಎತ್ತುತ್ತಾನೆ. ಅವನ ಸತ್ತ ನಗುವನ್ನು ಕಂಡು ಇವನಿಗೆ ತಿಳಿಯುತ್ತದೆ: ತಾವು ನಿಂತಿರುವುದು ನರಕದಲ್ಲಿ.

ಮೇಲಿನ ನೆಲದ ರಕ್ತ ಅಲ್ಲಿಗೆ ಇಳಿಯುವುದಿಲ್ಲ, ತೋಪುಗಳ ಸದ್ದು ಕೇಳುವುದಿಲ್ಲ. ಅದಕ್ಕೇ ಇವನು, ಇಲ್ಲಿ ಅಳುವುದಕ್ಕೆ ಏನೂ ಕಾರಣವಿಲ್ಲವಲ್ಲ ಗೆಳೆಯಾ, ಎಂಬರ್ಥದ ಒಂದು ಮಾತು ಹೇಳುತ್ತಾನೆ. ಕವಿತೆಯಿಡೀ ಈ ಸೈನಿಕ ತನ್ನ ಭೇಟಿಯವನಿಗೆ ಹೇಳುವುದು ಅದೊಂದೇ ಮಾತು. ಉಳಿದದ್ದೆಲ್ಲ ಆ ಇನ್ನೊಬ್ಬನ ಉತ್ತರ.

ಅಳಬೇಕಾದದ್ದು ಬಾಳದೆ ಹೋದ ವರ್ಷಗಳಿಗಾಗಿ ಎನ್ನುತ್ತಾನೆ ಅವನು. ನಿನಗಿದ್ದ ಆಸೆಯೇ ನನಗೂ ಇತ್ತು. ನಾನೂ ಚೆಲುವನ್ನು ಹುಡುಕಿ ಅಲೆದವನೇ. ನನ್ನ ನಗುವಿನಿಂದ ಎಷ್ಟೋ ಜನ ನಗಬಹುದಿತ್ತು, ನನ್ನ ಅಳುವಿನಿಂದ ಲೋಕಕ್ಕೆ ಒಂದು ಸತ್ಯ ತಿಳಿಯಬಹುದಿತ್ತು. ಯುದ್ಧದ ಸಂಕಟವೇನೆಂಬ ಆ ಸತ್ಯ ಈಗ ಹೇಳದೆಯೇ ನನ್ನೊಂದಿಗೆ ಸತ್ತಿತು. ಜನ ನಾವು ಕೆಡಿಸಿಟ್ಟದ್ದರಲ್ಲೇ ತೃಪ್ತರಾಗುತ್ತಾರೆ, ಇಲ್ಲವೇ ಮತ್ತೆ ರಕ್ತ ಕುದಿಸಿಕೊಂಡು ಹೊರಡುತ್ತಾರೆ. ದೇಶಗಳು ಹಿಂದಕ್ಕೆ ನಡೆದರೂ ಸಾಲು ಬಿಟ್ಟು ನಿಲ್ಲುವವರು ಯಾರೂ ಇರುವುದಿಲ್ಲ. ಹೀಗೆ ಸಾಗುತ್ತದೆ ಅವನ ಮಾತು.

ಗಾಯವಿಲ್ಲದೆಯೂ ಮನುಷ್ಯರ ಹಣೆಯಿಂದ ರಕ್ತ ಹರಿದದ್ದುಂಟು ಎಂದೂ ಅವನು ನೆನೆಯುತ್ತಾನೆ. ಸಂತ ಲೂಕನ ಶುಭಸಂದೇಶ ಓದಿದ ನಮಗೆ ಗೆತ್ಸೆಮನೆಯಲ್ಲಿ ಪ್ರಭು ರಕ್ತದ ಹನಿಗಳಂತೆ ಬೆವರಿದ್ದು ನೆನಪಾಗದೆ ಇರದು.

ಕೊನೆಗೆ, ಬಹಳ ಶಾಂತವಾಗಿ, ತಾನು ಯಾರೆಂದು ಹೇಳುತ್ತಾನೆ. ನೀನು ಕೊಂದ ಶತ್ರು ನಾನೇ. ಈ ಕತ್ತಲಲ್ಲೂ ನಿನ್ನ ಗುರುತು ಸಿಕ್ಕಿತು, ಯಾಕೆಂದರೆ ನಿನ್ನೆ ನನ್ನನ್ನು ತಿವಿದು ಕೊಲ್ಲುವಾಗಲೂ ನೀನು ಹೀಗೆಯೇ ಹುಬ್ಬು ಗಂಟಿಕ್ಕಿದ್ದೆ. ತಡೆಯಲು ನೋಡಿದೆ, ಆದರೆ ನನ್ನ ಕೈಗಳಿಗೆ ಮನಸ್ಸಿರಲಿಲ್ಲ, ಅವು ತಣ್ಣಗಾಗಿದ್ದವು. ಇಷ್ಟು ಹೇಳಿ, ಇನ್ನು ಇಬ್ಬರೂ ಮಲಗೋಣವೆಂದು ಕರೆಯುತ್ತಾನೆ. ಅಲ್ಲಿಗೆ ಕವಿತೆ ನಿಲ್ಲುತ್ತದೆ.

ಮನುಷ್ಯನನ್ನು ಮೂಟೆ ಮಾಡುವುದು

ಈ ಕವಿತೆಯಲ್ಲಿ ಗಮನಿಸಬೇಕಾದ ಮೊದಲ ಸಂಗತಿ: ಕೊಂದವನಿಗೆ ಸತ್ತವನ ಗುರುತೇ ಸಿಗುವುದಿಲ್ಲ. ಸತ್ತವನಿಗೆ ಮಾತ್ರ ಕೊಂದವನ ಗುರುತು ಸಿಗುತ್ತದೆ. ಹತ್ತಿರ ನಿಂತು, ಬಂದೂಕಿನ ತುದಿಯ ಚೂರಿಯಿಂದ ತಿವಿದವನು ಎದುರಿನವನ ಮುಖವನ್ನೇ ನೋಡಿರಲಿಲ್ಲ!

ಹೀಗಾಗುವುದು ಆಕಸ್ಮಿಕವಲ್ಲ. ಆ ಕಾಲದ ತರಬೇತಿ ಶಿಬಿರಗಳಲ್ಲಿ ಹುಲ್ಲು ತುಂಬಿದ ಚೀಲಗಳನ್ನು ನೇತುಹಾಕಿ, ಕೂಗುತ್ತ ಓಡಿಬಂದು ತಿವಿಯುವ ಅಭ್ಯಾಸ ಮಾಡಿಸುತ್ತಿದ್ದರು. ಚೀಲವನ್ನು ಮನುಷ್ಯನೆಂದುಕೊಂಡು ತಿವಿದು ತಿವಿದು, ಕಡೆಗೆ ಮನುಷ್ಯನನ್ನೇ ಚೀಲವೆಂದುಕೊಂಡು ತಿವಿಯುವಷ್ಟು ಕೈ ಪಳಗಬೇಕು. ಬ್ರಿಟಿಷರ ಪತ್ರಿಕೆಗಳೂ ಭಿತ್ತಿಚಿತ್ರಗಳೂ ಜರ್ಮನರನ್ನು ‘ಹೂಣರು’ ಎಂದು ಕರೆದವು. ಹೆಂಡತಿ ಮಕ್ಕಳಿರುವ, ಊರಿನಲ್ಲಿ ಬಡಗಿಯೋ ಶಿಕ್ಷಕನೋ ಆಗಿದ್ದ ಒಬ್ಬನನ್ನು ಕೊಲ್ಲುವುದು ಕಷ್ಟ. ಹೂಣನೊಬ್ಬನನ್ನು ಕೊಲ್ಲುವುದು ಸುಲಭ.

1914ರ ಕ್ರಿಸ್‌ಮಸ್ ಹಬ್ಬಕ್ಕೆ ಹಲವು ಕಡೆ ಎರಡೂ ಪಕ್ಷದ ಸೈನಿಕರು ಕಂದಕದಿಂದೆದ್ದು ಬಂದು, ಹಾಡು ಹಾಡಿ, ಸಿಗರೇಟು ಹಂಚಿಕೊಂಡು, ತಮ್ಮ ತಮ್ಮ ಸತ್ತವರನ್ನು ಹೂಳಿದರು. ಆಮೇಲೆ ಮೇಲಧಿಕಾರಿಗಳು ಇಂಥ ಬೆರೆಯುವಿಕೆಯನ್ನು ನಿಷೇಧಿಸಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು: ಮುಖ ಪರಿಚಯವಾದವನನ್ನು ಮರುದಿನ ಕೊಲ್ಲಲಾಗದು.

ಓವೆನ್ ಕವಿತೆಯನ್ನು ತಿದ್ದಿದ ರೀತಿಯಲ್ಲೂ ಇದೇ ಕಾಣುತ್ತದೆ. ಮೊದಲ ಕರಡಿನಲ್ಲಿ ಆ ಸತ್ತವನು ತಾನು ಜರ್ಮನ್ ಸೈನಿಕನೆಂದು ಹೇಳಿಕೊಳ್ಳುತ್ತಿದ್ದ. ಆಮೇಲೆ ಓವೆನ್ ದೇಶದ ಹೆಸರನ್ನು ಹೊಡೆದುಹಾಕಿ, ಶತ್ರು, ಗೆಳೆಯ ಎಂಬ ಎರಡೇ ಮಾತನ್ನು ಉಳಿಸಿದ. ತನ್ನನ್ನು ಶತ್ರುವೆಂದೂ ಕೊಂದವನನ್ನು ಗೆಳೆಯನೆಂದೂ ಅವನು ಒಂದೇ ಉಸಿರಿನಲ್ಲಿ ಕರೆಯುತ್ತಾನೆ. ತನ್ನನ್ನು ಹಿಡಿದುಕೊಡಲು ಬಂದ ಯೂದನನ್ನು ಪ್ರಭು ಕರೆದದ್ದೂ ಗೆಳೆಯನೆಂದೇ ಅಲ್ಲವೇ?

ಪ್ರಾಸದ ಬಗ್ಗೆಯೂ ಒಂದು ಮಾತು. ಶಾಲೆಯಲ್ಲಿ ನಾವು ಆದಿಪ್ರಾಸ ಕಲಿತಿದ್ದೇವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಪ್ರಾಸ. ಓವೆನ್ ಆ ಪ್ರಾಸವನ್ನು ಬೇಕೆಂದೇ ಪೂರ್ತಿ ಕೂಡಿಸುವುದಿಲ್ಲ. ವ್ಯಂಜನಗಳು ಹೊಂದುತ್ತವೆ, ನಡುವಿನ ಸ್ವರ ಬೇರೆಯಾಗುತ್ತದೆ. ನಮ್ಮ ಮಾತಿನಲ್ಲಿ ‘ಕಲ್ಲು’, ‘ಕೊಲ್ಲು’ ಇದ್ದ ಹಾಗೆ. ಕಿವಿ ಕಾಯುತ್ತದೆ, ಸ್ವರ ಮಾತ್ರ ಸೇರುವುದಿಲ್ಲ. ಒಂದೇ ಆಸೆ ಹೊತ್ತಿದ್ದ ಆ ಇಬ್ಬರೂ ಹಾಗೆಯೇ, ಕೂಡಬೇಕಾಗಿದ್ದು ಕೂಡದೆ ಹೋದವರು.

ಇದೆಲ್ಲ ಯೂರೋಪಿನ ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. 1994ರಲ್ಲಿ ರುವಾಂಡಾ ದೇಶದಲ್ಲಿ ರೇಡಿಯೋದವರು ತುತ್ಸಿ ಜನರನ್ನು ಜಿರಲೆಗಳೆಂದು ಕರೆದರು. ಜಿರಲೆ ಎಂದ ಮೇಲೆ ಮೆಟ್ಟಿಹಾಕುವುದೇ ಉಳಿದದ್ದು. ಬಹುಪಾಲು ಕ್ರೈಸ್ತರೇ ಇದ್ದ ನಾಡು ಅದು. ನ್ಯಾಮಾಟಾದ ಕಥೋಲಿಕ ದೇವಾಲಯದಲ್ಲಿ ಆಶ್ರಯ ಪಡೆದವರನ್ನು ದೇವಾಲಯದೊಳಗೇ ಕೊಂದರು. ಜ್ಞಾನಸ್ನಾನ ಪಡೆದ ಕೈಗಳೂ ಅದರಲ್ಲಿ ಭಾಗಿಯಾದವು. 2017ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಧರ್ಮಸಭೆಯವರ ಆ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಸುಟ್ಟ ಮನಸ್ಸಾಕ್ಷಿ

ಇನ್ನು ತಪ್ಪಿತಸ್ಥ ಭಾವನೆಯ ಮಾತು. ಓವೆನ್ 1917ರಲ್ಲಿ ತಾಯಿಗೆ ಬರೆದ ಪತ್ರವೊಂದರಲ್ಲಿ ತನ್ನನ್ನು ಮನಸ್ಸಾಕ್ಷಿಗಾಗಿ ಯುದ್ಧವನ್ನು ವಿರೋಧಿಸುವವನು ಎಂದು ಕರೆದುಕೊಂಡು, ಆದರೆ ಆ ಮನಸ್ಸಾಕ್ಷಿಗೇ ಬರೆ ಬಿದ್ದಿದೆ ಎಂದು ಸೇರಿಸುತ್ತಾನೆ. ಬರೆ ಬಿದ್ದ ಮನಸ್ಸಾಕ್ಷಿ ಎಂಬುದು ಸಂತ ಪೌಲನು ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಬರುವ ಮಾತು. ಕಾಯಿಸಿದ ಕಬ್ಬಿಣ ತಾಗಿದ ಚರ್ಮಕ್ಕೆ ಆಮೇಲೆ ಸ್ಪರ್ಶವೇ ತಿಳಿಯುವುದಿಲ್ಲ. ಯುದ್ಧದ ಕ್ರೌರ್ಯ ಸತ್ತವನಿಗೆ ಮಾಡುವ ಕೇಡು ಒಂದು. ಕೊಂದವನ ಒಳಗನ್ನು ಮರಗಟ್ಟಿಸುವ ಕೇಡು ಇನ್ನೊಂದು. ಅಳುವುದಕ್ಕೆ ಕಾರಣವಿಲ್ಲ ಎಂಬ ಸೈನಿಕನ ಮಾತು ಮರಗಟ್ಟಿದವನ ಮಾತು. ತಮ್ಮನನ್ನು ಕೊಂದ ಕಾಯಿನನೂ, ಅವನನ್ನು ಕಾಯುವ ಕೆಲಸ ನನ್ನದೇ ಎಂದು ಕೇಳಿ ಕೈತೊಳೆದುಕೊಂಡಿದ್ದ.

ಆದ್ದರಿಂದ ತಪ್ಪಿತಸ್ಥ ಭಾವನೆ ಒಂದು ರೋಗವೆಂದು ನಾವು ಹೆದರಬೇಕಾಗಿಲ್ಲ. ಸತ್ತ ಕೈಗೆ ನೋವಾಗುವುದಿಲ್ಲ. ನೋವಾಯಿತೆಂದರೆ ಜೀವ ಉಳಿದಿದೆ. ಬಿಚ್ಚಿದ ಬೂಟಿನ ದಾರ ನಲವತ್ತು ವರ್ಷ ಕಣ್ಣ ಮುಂದಿತ್ತು ಎಂದರೆ, ಆ ಹಿರಿಯರ ಒಳಗಿನ ಮನುಷ್ಯ ಸತ್ತಿರಲಿಲ್ಲ ಎಂದೇ ಅರ್ಥ.

ಹಾಗಾದರೆ ಸೈನಿಕರೆಲ್ಲ ಪಾಪಿಗಳೇ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಗಳಿಂದಲೂ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದಕ್ಕೆ ತೂಕದ ಉತ್ತರ ಕೊಟ್ಟಿದೆ. ದೇಶದ ರಕ್ಷಣೆಗೆ ನಿಂತು ಸರಿಯಾಗಿ ಕರ್ತವ್ಯ ಮಾಡುವ ಸೈನಿಕರು ಶಾಂತಿಗೇ ನೆರವಾಗುತ್ತಾರೆ ಎನ್ನುತ್ತದೆ. ಜೊತೆಗೆ, ಅನ್ಯಾಯದ ಆಜ್ಞೆಗೆ ಕಣ್ಣುಮುಚ್ಚಿ ವಿಧೇಯನಾದೆ ಎಂಬುದು ಕ್ಷಮೆಗೆ ಕಾರಣವಾಗದು ಎಂದೂ ಹೇಳುತ್ತದೆ. ಆ ಹಿರಿಯರು ಮಾಡಿದ್ದು ಪಾಪವೆಂದು ನಾವು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಕರ್ತವ್ಯ ಮಾಡಿದವನಿಗೂ ಸತ್ತವನ ದುಃಖ ಇರಬಹುದು, ಇರಬೇಕು.

ಆ ದುಃಖವನ್ನು ಯಾರ ಮುಂದೆ ಹೇಳುತ್ತೇವೆ ಎಂಬುದೂ ಮುಖ್ಯ. ನಮ್ಮ ಗಡಿನಾಡಿನ ಆದೋನಿ ಸೀಮೆಯ ಕಡೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ, ಅಶೋಕ ಚಕ್ರವರ್ತಿಯ 14 ಶಿಲಾಶಾಸನಗಳಿವೆ. 13ನೆಯದರಲ್ಲಿ ಅವನು ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಕೊಲ್ಲಲ್ಪಟ್ಟರು, 1.5 ಲಕ್ಷ ಜನ ಸೆರೆಯಾಗಿ ಹೋದರು ಎಂದು ತಾನೇ ಲೆಕ್ಕ ಕೊಟ್ಟು ಪಶ್ಚಾತ್ತಾಪಪಟ್ಟಿದ್ದಾನೆ. ಗೆದ್ದ ರಾಜನೊಬ್ಬ ತನ್ನ ತಪ್ಪನ್ನು ಕಲ್ಲಿನಲ್ಲಿ ಕೊರೆಸಿದ್ದು ಲೋಕದಲ್ಲೇ ಅಪರೂಪ. ಆದರೆ ಕಳಿಂಗ ನಾಡಿನಲ್ಲೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಆ 13ನೆಯ ಶಾಸನ ಇಲ್ಲ! ನೊಂದವರ ಮುಂದೆ ಆ ಮಾತು ಹೇಳುವುದು ಚಕ್ರವರ್ತಿಗೂ ಕಷ್ಟವಾಯಿತೋ ಏನೋ. ಓವೆನ್‌ನ ಸುರಂಗದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕೊಂದವನು ಕೊಲೆಯಾದವನ ಮುಂದೆಯೇ ನಿಲ್ಲಬೇಕು, ಅವನ ಮಾತನ್ನು ಪೂರ್ತಿ ಕೇಳಬೇಕು.

ಅಲ್ಲಿ ಕ್ಷಮಿಸಿದೆ ಎಂಬ ಮಾತು ಬರುವುದಿಲ್ಲ. ಓವೆನ್ ಅಷ್ಟು ಸುಲಭವಾಗಿ ಸಮಾಧಾನ ಕೊಡುವುದಿಲ್ಲ. ಎತ್ತಿದ ಕೈ ಆಶೀರ್ವಾದದಂತೆ ಇದೆ, ಅಷ್ಟೇ. ಗುರುವಿನ ಕೈ ಪಾಪವಿಮೋಚನೆಗೆ ಏಳುವುದನ್ನು ಕಂಡಿರುವ ನಮಗೆ ಆ ಚಿತ್ರ ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯುತ್ತದೆ.

ಪೂಜೆಯೊಳಗೆ ಬಂದ ಕವಿತೆ

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿ ನಗರದ ಮೇಲೆ ಬಾಂಬು ಸುರಿದು ಅಲ್ಲಿನ ಮಹಾದೇವಾಲಯವನ್ನು ಸುಟ್ಟವು. ಉಳಿದ ಗೋಡೆಯ ಮೇಲೆ ಅಲ್ಲಿಯವರು ತಂದೆಯೇ ಕ್ಷಮಿಸು ಎಂದಷ್ಟೇ ಕೆತ್ತಿಸಿದರು. ‘ಅವರನ್ನು’ ಎಂಬ ಮಾತನ್ನು ಬೇಕೆಂದೇ ಬಿಟ್ಟರು. ಕ್ಷಮೆ ಎಲ್ಲರಿಗೂ ಬೇಕಾಗಿದೆ ಎಂಬುದು ಅವರ ಭಾವನೆ.

ಪಕ್ಕದಲ್ಲಿ ಕಟ್ಟಿದ ಹೊಸ ದೇವಾಲಯದಲ್ಲಿ 1962ರ ಮೇ 30ರಂದು ಬೆಂಜಮಿನ್ ಬ್ರಿಟನ್ ಅವರ ‘ವಾರ್ ರಿಕ್ವಿಯಮ್’ ಮೊದಲ ಸಲ ಹಾಡಲ್ಪಟ್ಟಿತು. ಮೃತರ ಪೂಜೆಯ ಲತೀನ್ ಪ್ರಾರ್ಥನೆಗಳ ನಡುವೆ ಓವೆನ್ ಕವಿತೆಗಳನ್ನು ಹೆಣೆದ ಸಂಗೀತ ಅದು. ಕೊನೆಯ ಭಾಗದಲ್ಲಿ ನಮ್ಮ ಈ ಕವಿತೆ ಬರುತ್ತದೆ. ಕೊಂದವನ ಪಾತ್ರವನ್ನು ಇಂಗ್ಲೆಂಡಿನ ಪೀಟರ್ ಪಿಯರ್ಸ್, ಸತ್ತವನ ಪಾತ್ರವನ್ನು ಜರ್ಮನಿಯ ಡೀಟ್ರಿಕ್ ಫಿಷರ್-ಡೀಸ್ಕೌ ಹಾಡಿದರು. ಈ ಜರ್ಮನ್ ಗಾಯಕರು ಸ್ವತಃ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ, ಯುದ್ಧಕೈದಿಯಾಗಿ ಇದ್ದವರು. ಮಲಗೋಣವೆಂಬ ಕೊನೆಯ ಮಾತನ್ನು ಇಬ್ಬರೂ ಸೇರಿ ಹಾಡುವಾಗ, ಮಕ್ಕಳ ಗುಂಪು ಶವವನ್ನು ದೇವಾಲಯದಿಂದ ಹೊರಗೆ ಒಯ್ಯುವಾಗಿನ ಪ್ರಾರ್ಥನೆಯನ್ನು ಹಾಡುತ್ತದೆ. ದೇವದೂತರು ನಿನ್ನನ್ನು ಪರದೈಸಿಗೆ ಕರೆದೊಯ್ಯಲಿ ಎಂದು ನಾವು ನಮ್ಮವರಿಗೆ ಹೇಳುವ ಪ್ರಾರ್ಥನೆ ಅದು. ಅಲ್ಲಿ ಅದು ಕೊಂದವನಿಗೂ ಸತ್ತವನಿಗೂ ಒಟ್ಟಿಗೆ ಸಲ್ಲುತ್ತದೆ.

ನವೆಂಬರ್ 2ರಂದು ಪ್ರತಿ ಗುರುವೂ ಮೂರು ಪೂಜೆ ಅರ್ಪಿಸಬಹುದೆಂಬ ಅನುಮತಿಯನ್ನು ಇಡೀ ಧರ್ಮಸಭೆಗೆ ಕೊಟ್ಟವರು ಪೋಪ್ ಹದಿನೈದನೆಯ ಬೆನೆಡಿಕ್ಟ್. ವರ್ಷ 1915. ಓವೆನ್ ಹೋದ ಅದೇ ಯುದ್ಧದಲ್ಲಿ ಸತ್ತವರ ರಾಶಿಯನ್ನು ಕಂಡೇ ಅವರು ಆ ಅನುಮತಿ ಕೊಟ್ಟರು. ಎರಡು ವರ್ಷಗಳ ಮೇಲೆ, 1917ರ ಆಗಸ್ಟಿನಲ್ಲಿ, ಅವರು ಹೋರಾಡುತ್ತಿದ್ದ ದೇಶಗಳಿಗೆ ಪತ್ರ ಬರೆದು ಇದು ವ್ಯರ್ಥವಾದ ನರಮೇಧ ಎಂದರು. ಯಾರೂ ಕೇಳಲಿಲ್ಲ. ಆ ಪೂಜೆಗಳು ಮಾತ್ರ ಇಂದಿಗೂ ನಡೆಯುತ್ತಿವೆ.

ನಮ್ಮ ಮನೆಗಳಲ್ಲಿ

ನಮ್ಮ ಗಡಿನಾಡಿನ ಮನೆಗಳಲ್ಲಿ ಎರಡು ಮೂರು ಭಾಷೆ ಇವೆ. ಸೊಸೆ ಆ ಕಡೆಯವಳು, ಅಳಿಯ ಈ ಕಡೆಯವನು. ಗಡಿಯ ಆಚೆ ಇರುವವರಿಗೂ ಹೆಸರು, ಹಸಿವು, ಮಕ್ಕಳು ಉಂಟೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ನಾಲಿಗೆಗೆ ಅಡ್ಡಹೆಸರುಗಳು ಎಷ್ಟು ಬೇಗ ಬರುತ್ತವೆ! ಒಂದು ಜಾತಿಯವರಿಗೆ, ಒಂದು ಭಾಷೆಯವರಿಗೆ, ಬೇಲಿಯ ಜಗಳ ನಡೆದ ಪಕ್ಕದ ಮನೆಯವರಿಗೆ ಒಂದೊಂದು ಪ್ರಾಣಿಯ ಹೆಸರು. ಊಟದ ಹೊತ್ತಿನಲ್ಲಿ ನಾವಾಡುವುದನ್ನು ಮಕ್ಕಳು ಕೇಳುತ್ತಿರುತ್ತಾರೆ. ಹುಲ್ಲು ತುಂಬಿದ ಚೀಲ ನೇತುಹಾಕುವ ಕೆಲಸ ಶಿಬಿರದಲ್ಲಿ ಮಾತ್ರ ನಡೆಯುವುದಲ್ಲ.

ಈ ತಿಂಗಳು ಒಂದು ಕೆಲಸ ಮಾಡೋಣ. ರಾತ್ರಿ ಜಪಸರ ಹೇಳುವಾಗ ನಮ್ಮ ಮೃತರ ಹೆಸರುಗಳಾದ ಮೇಲೆ ಇನ್ನೊಬ್ಬರಿಗಾಗಿ ಪ್ರಾರ್ಥಿಸೋಣ: ನಾವು ದ್ವೇಷಿಸಿದವರು, ನಮ್ಮಿಂದ ನೊಂದವರು, ಹೆಸರು ತಿಳಿಯದ ಒಬ್ಬರು. ಬದುಕಿದ್ದರೆ ಹೋಗಿ ಮಾತನಾಡಿಸೋಣ. ಸುರಂಗಕ್ಕೆ ಇಳಿಯುವ ತನಕ ಕಾಯುವುದು ಬೇಡ. ಓವೆನ್‌ನ ಸೈನಿಕನಿಗೆ ಆ ಅವಕಾಶ ಸಿಕ್ಕಿದ್ದು ತಡವಾಗಿ. ನಮಗೆ ಇನ್ನೂ ಹೊತ್ತಿದೆ.

ಆ ಹಿರಿಯರು ಬದುಕಿರುವವರೆಗೆ ಪ್ರತಿ ನವೆಂಬರಿನಲ್ಲೂ ಐದನೆಯ ಸಾಲು ಬರೆಸಿದರು. ಈಗ ಬರೆಸುವವರಿಲ್ಲ. ಅದಕ್ಕೇ ಅವರ ಹೆಸರಿನ ಕೆಳಗೆ ಆ ಶಿಲುಬೆ ಗುರುತನ್ನು ಪ್ರತಿ ವರ್ಷ ನಾವೇ ಹಾಕುತ್ತೇವೆ.

ಪ್ರಭುವೇ, ನಮ್ಮ ಮನಸ್ಸಾಕ್ಷಿ ಮರಗಟ್ಟದಂತೆ ಕಾಪಾಡು. ನಾವು ನೋಡದೆ ಹೋದ ಮುಖಗಳನ್ನು ನಮಗೆ ತೋರಿಸು. ಯುದ್ಧಗಳಲ್ಲಿ ಸತ್ತವರಿಗೂ ಕೊಂದವರಿಗೂ ನಿತ್ಯ ವಿಶ್ರಾಂತಿಯನ್ನು ಅನುಗ್ರಹಿಸು. ಆಮೆನ್.